ಸುಣ್ಣ ಅರಳಿಸುತ್ತಿದ್ದ ಮನೆ

ಬಿಸಿ ಸುಣ್ಣದ ವಾಸನೆ ಬಂದರೆ ನಾನು ಕೂತಲ್ಲಿ ಕೂರಲಾರೆ. ಕಳೆದ ತಿಂಗಳು ಮೂಡುಬಿದಿರೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಹೀಗೇ ಆಯಿತು. ನಲ್ಲಿಗೆ ವಾಷರ್ ಬೇಕಿತ್ತು, ಹೋಗಿದ್ದೆ. ಅಂಗಡಿಯ ಹಿಂಬದಿಯಲ್ಲಿ ಬಾವಿಗೆ ಹಾಕುವ ಸುಣ್ಣದ ಚೀಲವೊಂದಕ್ಕೆ ಎಲ್ಲಿಂದಲೋ ನೀರು ತಾಗಿರಬೇಕು. ಮೊದಲು ಏನೂ ಇಲ್ಲ, ಆಮೇಲೆ ಮೆಲ್ಲಗೆ ಆ ವಾಸನೆ ಕೌಂಟರಿನ ತನಕ ಬಂತು. ಬೆಂದ ಮೊಟ್ಟೆಯ ಸಿಪ್ಪೆ, ಹೊಳೆಬದಿಯ ಕೆಸರು, ಕಾದ ಕಲ್ಲಿನ ಮೇಲೆ ಬಿದ್ದ ನಾಲ್ಕು ಹನಿ ನೀರು, ಇಷ್ಟೂ ಸೇರಿದರೆ ಹೇಗೋ ಹಾಗೆ. ಅಂಗಡಿಯವರು ವಾಷರ್ ಹುಡುಕುತ್ತಲೇ ಇದ್ದರು, ನಾನು ಬಸ್‌ಸ್ಟ್ಯಾಂಡಿನಲ್ಲಿದ್ದೆ. ಅಷ್ಟೇ ಅಲ್ಲ, ಮನೆಗೆ ಹೋಗುವ ಬಸ್ಸು ಬಿಟ್ಟು ಬಂಟ್ವಾಳದ ಬಸ್ಸು ಹತ್ತಿ ಕೂತಿದ್ದೆ. ನನ್ನ ಗಂಡ ಇದನ್ನು ಕೇಳಿ, ನಿನಗೆ ಕಾಲಲ್ಲಿ ಚಕ್ರ ಉಂಟು ಎಂದು ನಕ್ಕರು. ಅವರಿಗೆ ಆ ಮನೆ ಗೊತ್ತಿಲ್ಲ. ಅವರು ಮದುವೆಯಾಗಿ ಬರುವ ಹೊತ್ತಿಗೆ ಆ ಮನೆ ಇದ್ದ ಜಾಗದಲ್ಲಿ ರಸ್ತೆ ಬಂದಿತ್ತು. ಇಲ್ಲದ ಮನೆಗೆ ಬಸ್ಸು ಹತ್ತುವ ಹುಚ್ಚು ನಿಮ್ಮಲ್ಲೂ ಕೆಲವರಿಗೆ ಇದ್ದೀತು. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮನೆ ಇದ್ದದ್ದು ಸಿದ್ಧಕಟ್ಟೆಯಲ್ಲಿ, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯಲ್ಲಿ. ಊರಿನವರು ಅದನ್ನು ಸುಣ್ಣದ ಮನೆ ಎಂದೇ ಕರೆಯುತ್ತಿದ್ದರು. ಅಮ್ಮನ ತಾಯಿಮನೆ ಅದು. ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಇದ್ದ ಕಾರಣ ನಾನು ಬೆಳೆದದ್ದೆಲ್ಲ ಅಲ್ಲಿಯೇ. ಮನೆಯಲ್ಲಿ ನಾಲ್ಕು ಜನ: ಅಜ್ಜಿ, ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಅಮ್ಮ, ಅಮ್ಮನ ತಂಗಿ ಸುನಂದ ಚಿಕ್ಕಮ್ಮ, ಮತ್ತೆ ನಾನು. ಹಿತ್ತಿಲಿನಲ್ಲಿ ಕೆಂಪುಕಲ್ಲಿನಿಂದ ದುಂಡಗೆ ಕಟ್ಟಿದ, ನನ್ನ ತಲೆಯಷ್ಟು ಎತ್ತರದ ಒಂದು ಭಟ್ಟಿ. ಪೊಡಿಯಬ್ಬ ಬ್ಯಾರಿಗಳು ತಮ್ಮ ಟೆಂಪೋದಲ್ಲಿ ಹೊಳೆ ಸಮುದ್ರ ಸೇರುವ ಅಳಿವೆ ಬಾಗಿಲಿನ ಕಡೆಯಿಂದ ಮರುವಾಯಿ ಎಂಬ ಕಪ್ಪೆಚಿಪ್ಪು ತಂದು ಸುರಿಯುತ್ತಿದ್ದರು. ಒಂದು ಪದರ ತೆಂಗಿನ ಗೆರಟೆಯ ಇದ್ದಿಲು, ಒಂದು ಪದರ ಚಿಪ್ಪು, ಹೀಗೆ ತುಂಬಿ ಬೆಂಕಿ ಕೊಟ್ಟು, ಕೈಯಿಂದ ತಿರುಗಿಸುವ ಗಾಳಿಯಂತ್ರದಿಂದ ಗಾಳಿ ಹಾಕಿದರೆ ಬೆಳಗ್ಗಿನಿಂದ ಸಂಜೆಯ ತನಕ ಭಟ್ಟಿ ಉಸಿರಾಡುತ್ತಿತ್ತು. ತಣಿದ ಮೇಲೆ ತೆಗೆದರೆ ಚಿಪ್ಪಿನ ಆಕಾರ ಹಾಗೇ ಇರುತ್ತಿತ್ತು, ಗೀರುಗಳು ಸಹ. ಆದರೆ ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಅಜ್ಜಿ ಒಂದೊಂದನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿ, ಇದು ಬೆಂದಿದೆ, ಇದು ಬೆಂದಿಲ್ಲ ಎಂದು ಬೇರೆ ಮಾಡುತ್ತಿದ್ದಳು. ನಾನೂ ತಟ್ಟಿ ಕೇಳುತ್ತಿದ್ದೆ. ನನಗೆ ಎಲ್ಲ ಒಂದೇ ಥರ ಕೇಳುತ್ತಿತ್ತು, ಆದರೂ ಅಜ್ಜಿಯ ಮುಖ ನೋಡಿ ತಲೆಯಾಡಿಸುತ್ತಿದ್ದೆ.

ಹೀಗೆ ಸುಟ್ಟ ಚಿಪ್ಪನ್ನು ಮುಚ್ಚಳದ ತಗಡಿನ ಡ್ರಮ್ಮುಗಳಲ್ಲಿ ತುಂಬಿ, ಭಟ್ಟಿಯ ಪಕ್ಕದ ಕೋಣೆಯಲ್ಲಿ ಹಲಗೆಯ ಮೇಲೆ ಇಡುತ್ತಿದ್ದರು. ಆ ಕೋಣೆಗೆ ಇದ್ದಷ್ಟು ನಿಯಮ ದೇವರ ಕೋಣೆಗೂ ಇರಲಿಲ್ಲ. ಒದ್ದೆ ಕಾಲಲ್ಲಿ ಹೋಗಬಾರದು, ಬಾಗಿಲಲ್ಲಿ ಗೋಣಿಯ ಮೇಲೆ ಮೂರು ಸಲ ಒರೆಸಿಯೇ ಹೋಗಬೇಕು. ತಲೆಗೆ ಮಿಂದು ಬಂದವರು ಕೂದಲು ಒಣಗುವ ತನಕ ಹೊರಗೆ. ಕೊಡೆಗೆ ಜಗಲಿಯಿಂದ ಆಚೆಗೆ ಪ್ರವೇಶವಿಲ್ಲ. ಒಮ್ಮೆ ಅಮ್ಮನ ಕೈಯಲ್ಲಿ ಪೆಟ್ಟು ತಿಂದು ನಾನು ಆ ಕೋಣೆಯೊಳಗೆ ನುಗ್ಗಿ ಅಳತೊಡಗಿದ್ದಕ್ಕೆ, ಅಳುವುದಾದರೆ ಹೊರಗೆ ಹೋಗಿ ಅಳು, ಇಲ್ಲಿ ಕಣ್ಣೀರು ಹಾಕಬೇಡ ಎಂದು ಅಜ್ಜಿ ರಟ್ಟೆ ಹಿಡಿದು ಹೊರಗೆ ಬಿಟ್ಟಿದ್ದಳು. ವರ್ಷದ ನಾಲ್ಕು ತಿಂಗಳು ಆಕಾಶವೇ ಸೋರುವ ಊರಿನಲ್ಲಿ ನೀರು ತಾಗಬಾರದ ವಸ್ತುವನ್ನು ಇಟ್ಟುಕೊಂಡವರಿಗೆ ನೆಮ್ಮದಿ ಎಂಬುದು ಎಲ್ಲಿ? ಮೋಡ ಕಂಡರೆ ಸಾಕು, ಅಜ್ಜಿ ಕೂತಲ್ಲಿಂದ ಏಳುತ್ತಿದ್ದಳು, ಹಂಚು ನೋಡುತ್ತಿದ್ದಳು, ಮುಚ್ಚಳ ಒತ್ತುತ್ತಿದ್ದಳು, ಪುನಃ ಬಂದು ಕೂರುತ್ತಿದ್ದಳು, ಪುನಃ ಏಳುತ್ತಿದ್ದಳು. ನನ್ನ ಈ ಚಡಪಡಿಕೆ ಅವಳಿಂದಲೇ ಬಂದ ಆಸ್ತಿ.

ಅವಳ ಹೆದರಿಕೆಗೆ ಕಾರಣವಿತ್ತು. ನಾನು ಹುಟ್ಟುವ ಮೊದಲು ಅಜ್ಜ ಒಮ್ಮೆ ಎತ್ತಿನ ಗಾಡಿಯಲ್ಲಿ ಸುಟ್ಟ ಚಿಪ್ಪಿನ ಗೋಣಿಗಳನ್ನು ಹೇರಿಕೊಂಡು ಪುಂಜಾಲಕಟ್ಟೆಗೆ ಹೊರಟಿದ್ದನಂತೆ. ದಾರಿಯಲ್ಲಿ ಹೇಳದೆ ಕೇಳದೆ ಮಳೆ. ಗೋಣಿಗಳು ಒಳಗಿನಿಂದ ಸುಂಯ್ ಎಂದು ಹೊಗೆಯಾಡಿದವು, ಮೇಲಿನ ಚಾಪೆ ಕರಿದಾಯಿತು. ಬೆಂಕಿ ಎಂದುಕೊಂಡು ಅಜ್ಜ ಚರಂಡಿಯ ನೀರನ್ನು ಬೊಗಸೆಯಲ್ಲಿ ತಂದು ತಂದು ಹಾಕಿದ. ಹಾಕಿದಷ್ಟೂ ಅದು ಕುದಿದು ಸಿಡಿಯಿತು. ಮುಂಗೈಯಿಂದ ಮೊಣಕೈಯ ತನಕ ಬೆಂದ ಅವನ ಚರ್ಮ ಸಾಯುವ ತನಕವೂ ಸುಕ್ಕುಗಟ್ಟಿಯೇ ಇತ್ತು ಎಂದು ಅಮ್ಮ ಹೇಳುತ್ತಾಳೆ. ಆ ದಿನದಿಂದ ಅಜ್ಜಿ ಒಂದು ಕಾನೂನು ಮಾಡಿದಳು. ಸುಣ್ಣ ಮೈಮೇಲೆ ಬಿದ್ದರೆ ಒಣಬಟ್ಟೆಯಲ್ಲಿ ಒರೆಸು, ತೆಂಗಿನೆಣ್ಣೆ ಹಚ್ಚು, ನೀರು ಮಾತ್ರ ಮುಟ್ಟಿಸಬೇಡ. ಬೇರೆ ಮನೆಯ ಮಕ್ಕಳು ಶುಭಂ ಕರೋತಿ ಕಲಿತ ಪ್ರಾಯದಲ್ಲಿ ನಾನು ಇದನ್ನು ಬಾಯಿಪಾಠ ಮಾಡಿದ್ದೆ.

ಚಿಕ್ಕಮ್ಮ ಈ ನಿಯಮಗಳನ್ನೆಲ್ಲ ಪಾಲಿಸುತ್ತಿದ್ದಳು, ಆದರೆ ನಗುತ್ತಾ. ಅವಳು ಮೂಡುಬಿದಿರೆಯ ಕಾಲೇಜಿಗೆ ಹೋಗುತ್ತಿದ್ದಳು, ಬಿ.ಎಸ್ಸಿ., ರಸಾಯನಶಾಸ್ತ್ರ. ನಮ್ಮ ಬದಿಯಲ್ಲಿ ಆಗ ಹೆಣ್ಣುಮಕ್ಕಳು ಡಿಗ್ರಿ ಓದುವುದು ಹೊಸತಲ್ಲ, ಆದರೆ ಲ್ಯಾಬಿನ ಬಿಳಿ ಕೋಟನ್ನು ಇಸ್ತ್ರಿ ಮಾಡಿ ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು ಹೋಗುವವಳು ಅವಳೊಬ್ಬಳೇ. ಸಂಜೆ ಬಂದವಳೇ ಕಾಲು ಒರೆಸಿ ಭಟ್ಟಿಯ ಬಳಿಗೆ. ನಮ್ಮ ಮಾತೆಲ್ಲ ತುಳುವಿನಲ್ಲೇ. ವಿಜ್ಞಾನ ಹೇಳುವಾಗ ಮಾತ್ರ ಅವಳು ಶಾಲೆಯ ಕನ್ನಡಕ್ಕೆ ಬಂದು, ಮೇಷ್ಟ್ರ ಹಾಗೆ ಬೆರಳೆತ್ತಿ, ಶಕ್ತಿಯನ್ನು ಸೃಷ್ಟಿಸಲು ಸಾಧ್ಯವಿಲ್ಲ, ನಾಶಪಡಿಸಲೂ ಸಾಧ್ಯವಿಲ್ಲ ಎನ್ನುತ್ತಿದ್ದಳು. ನನಗೆ ಎಂಟು ವರ್ಷ. ಹಾಗಾದರೆ ಭಟ್ಟಿಗೆ ಹಾಕಿದ ಬೆಂಕಿ ಎಲ್ಲಿ ಹೋಯಿತು ಎಂದು ಕೇಳಿದೆ. ಅವಳಿಗೆ ಬೇಕಿದ್ದದ್ದೂ ಅದೇ ಪ್ರಶ್ನೆ. ಮರುದಿನ ಅಜ್ಜಿ ಪೇಟೆಗೆ ಹೋದ ಹೊತ್ತು ನೋಡಿ, ಕಲ್ಲಿನ ತೊಟ್ಟಿಯಲ್ಲಿ ನಾಲ್ಕು ಹಿಡಿ ಸುಟ್ಟ ಚಿಪ್ಪು ಹಾಕಿ, ನಡುವೆ ಬಾಳೆಲೆಯಲ್ಲಿ ಸುತ್ತಿದ ಒಂದು ಕೋಳಿಮೊಟ್ಟೆ ಇಟ್ಟು, ಮೇಲಿಂದ ನೀರು ಹೊಯ್ದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಿಪ್ಪುಗಳು ಟಪ್ ಟಪ್ ಎಂದು ಬಿರಿದು, ಉಗಿ ಎದ್ದು, ನೋಡುತ್ತಿದ್ದ ಹಾಗೆ ಅವೆಲ್ಲ ಉದುರಿ ಬಿಳಿ ಹಿಟ್ಟಾಗಿ ಉಬ್ಬಿ ಬಂದವು. ಇದಕ್ಕೇ ನಾವು ಸುಣ್ಣ ಅರಳುವುದು ಎನ್ನುವುದು. ಮೊಟ್ಟೆ ತೆಗೆದು ಒಡೆದರೆ ಬೆಂದಿತ್ತು.

"ನಾವು ಭಟ್ಟಿಯಲ್ಲಿ ಕೊಟ್ಟ ಬಿಸಿಯೇ ಇದು," ಎಂದಳು ಚಿಕ್ಕಮ್ಮ. "ಚಿಪ್ಪು ಅದನ್ನು ಇಟ್ಟುಕೊಂಡಿತ್ತು. ಈಗ ನೀರು ಕೊಟ್ಟಾಗ ಸ್ವಲ್ಪ ಹಿಂದೆ ಕೊಟ್ಟಿತು."

ಸ್ವಲ್ಪವೇ ಯಾಕೆ, ಉಳಿದದ್ದು ಎಲ್ಲಿ ಎಂದು ನಾನು ಬಿಡಲಿಲ್ಲ. ಉಳಿದದ್ದನ್ನು ಗೋಡೆಗೆ ಬಳಿದ ಮೇಲೆ ಕೊಡುತ್ತದೆ ಎಂದಳು. ಸುಣ್ಣ ಗಾಳಿಯನ್ನು ಕುಡಿದು ಕುಡಿದು ಪುನಃ ಚಿಪ್ಪಿನಂತೆ ಗಟ್ಟಿಯಾಗುತ್ತದಂತೆ, ಆಗುತ್ತಾ ಆಗುತ್ತಾ ಬಾಕಿ ಬಿಸಿಯನ್ನೆಲ್ಲ ಬಿಟ್ಟುಬಿಡುತ್ತದಂತೆ. ನಾನು ಹೊಸದಾಗಿ ಬಳಿದ ಪಡಸಾಲೆಯ ಗೋಡೆಗೆ ಕೆನ್ನೆ ಒತ್ತಿ ಎಷ್ಟೋ ಹೊತ್ತು ನಿಂತೆ. ಗೋಡೆ ತಣ್ಣಗಿತ್ತು. ಕೆನ್ನೆಯೆಲ್ಲ ಬೆಳ್ಳಗಾಗಿ ಬಂದ ನನ್ನನ್ನು ನೋಡಿ ಅವಳು ಹೊಟ್ಟೆ ಹಿಡಿದು ನಕ್ಕಳು. ನಿಧಾನ ಎಂದರೆ ಅಷ್ಟು ನಿಧಾನ, ನಮಗೆ ಗೊತ್ತಾಗದಷ್ಟು ಎಂದು ಸೆರಗಿನಿಂದ ಕೆನ್ನೆ ಒರೆಸಿದಳು. ಆ ಮೊಟ್ಟೆಯನ್ನು ನಾವಿಬ್ಬರೂ ಉಪ್ಪು ಹಾಕಿ ತಿಂದೆವು. ಅಜ್ಜಿಗೆ ಸಿಪ್ಪೆ ಸಿಕ್ಕಿ ನಮ್ಮಿಬ್ಬರಿಗೂ ಬೈಗುಳ ಬಿತ್ತು.

ಅದಾಗಿ ಒಂದು ವರ್ಷಕ್ಕೆ, ಚಿಕ್ಕಮ್ಮನ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಇನ್ನು ಹದಿನೇಳು ದಿನ ಇತ್ತು. ದಿನ ನೆನಪಿರುವುದು ಯಾಕೆಂದರೆ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುವ ಕೆಲಸ ನನ್ನದು. ಭಾನುವಾರ, ಬೆಳಗ್ಗೆ ಹತ್ತರ ಬಿಸಿಲು. ಒಂದು ಮದುವೆಮನೆಗೆ ಸುಣ್ಣ ಬೇಕಿತ್ತು, ಬುಧವಾರದೊಳಗೆ. ಅಜ್ಜಿ ತೊಟ್ಟಿಯ ಒಂದು ಬದಿಯಲ್ಲಿ, ಚಿಕ್ಕಮ್ಮ ಇನ್ನೊಂದು ಬದಿಯಲ್ಲಿ ಉದ್ದದ ಕೋಲು ಹಿಡಿದು ಕಲಸುತ್ತಿದ್ದರು. ಬಾವಿಕಟ್ಟೆಯ ಹಂಡೆಯಿಂದ ತಾಮ್ರದ ಚೆಂಬಿನಲ್ಲಿ ನೀರು ತಂದು ಕೊಡುವವಳು ನಾನು. ಆ ಹೊತ್ತಿಗೆ ಸುಣ್ಣ ಅರಳಿ ಮುಗಿದು ಮೊಸರಿನ ಹಾಗೆ ಆಗಿತ್ತು, ತೆಳು ಮಾಡಲು ಇನ್ನೊಂದು ಚೆಂಬು ಸಾಕು ಎಂದರು. ನಾನು ತುಂಬಿದ ಚೆಂಬು ಹಿಡಿದು ಬಂದೆ. ಚಿಕ್ಕಮ್ಮ ತೆಗೆದುಕೊಳ್ಳಲು ತಲೆಯೆತ್ತಿ ನನ್ನತ್ತ ನೋಡಿದಳು. ಅದೇ ಹೊತ್ತಿಗೆ ತಳದಲ್ಲಿ ಅರಳದೆ ಉಳಿದಿದ್ದ ಒಂದು ಗಟ್ಟಿ ಚಿಪ್ಪು ಸಿಡಿಯಿತು. ಡಬ್ ಎಂಬ ಒಂದು ಸಣ್ಣ ಶಬ್ದ, ಗಂಜಿ ಕುದಿಯುವಾಗ ಬರುವಂಥದ್ದು. ಅಷ್ಟೇ. ಅವಳ ಮುಖದ ಬಲಭಾಗವೆಲ್ಲ ಬಿಳಿ.

ಅವಳು ಕೋಲು ಬಿಟ್ಟು ಮಂಡಿಯೂರಿದಳು. ಕೂಗು ಎನ್ನುವುದಕ್ಕಿಂತ ಹೆಚ್ಚಾಗಿ ಅದು ಮಾತೇ ಆಗಿತ್ತು, ಒಂದೇ ಮಾತು, ನೀರು, ನೀರು, ನೀರು ಕೊಡಿ ಎಂದು. ಅವಳ ಒಂದು ಕೈ ಕಣ್ಣಿನ ಮೇಲೆ, ಇನ್ನೊಂದು ಕೈ ನನ್ನ ಕಡೆಗೆ ಚಾಚಿತ್ತು. ನನಗೂ ಅವಳಿಗೂ ಮೂರು ಹೆಜ್ಜೆ.

"ನೀರು ಬೇಡ," ಎಂದಳು ಅಜ್ಜಿ. "ನೀರು ಮುಟ್ಟಿಸಿದ್ರೆ ಕಣ್ಣು ಬೇಯ್ತದೆ. ಎಣ್ಣೆ ತರ್ತೇನೆ, ಹಿಡ್ಕೊಳ್ಳಿ ಅವಳನ್ನು."

ಅಮ್ಮ ಬೀಡಿಯ ಮೊರ ಬಿಸಾಡಿ ಓಡಿಬಂದು ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಅಜ್ಜಿ ಒಳಗಿನಿಂದ ಎಣ್ಣೆಯ ಕುಪ್ಪಿ ತಂದು ಸುರಿದಳು, ಸೆರಗಿನಿಂದ ಒರೆಸಿದಳು, ಪುನಃ ಸುರಿದಳು. ಮಾಡುತ್ತಿರುವುದು ಸರಿ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ನನಗೂ ಇರಲಿಲ್ಲ. ಚಿಕ್ಕಮ್ಮ ನೀರು ನೀರು ಎನ್ನುತ್ತಲೇ ಇದ್ದಳು, ನೋವಿನಲ್ಲಿ ಬುದ್ಧಿ ಕೆಟ್ಟು ಕೇಳುತ್ತಿದ್ದಾಳೆ ಎಂದುಕೊಂಡೆ. ನಾನು ಏನು ಮಾಡಿದೆ ಎಂದು ಹೇಳಿಬಿಡುತ್ತೇನೆ. ಚೆಂಬಿನ ಬಾಯಿಯ ಮೇಲೆ ಅಂಗೈ ಮುಚ್ಚಿ ಹಿಡಿದುಕೊಂಡೆ, ಒಂದು ಹನಿಯೂ ತುಳುಕಿ ಅವಳ ಮೇಲೆ ಬೀಳಬಾರದು ಎಂದು. ಹಾಗೆಯೇ ನಿಂತೆ. ಅವಳನ್ನು ನಾನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಹದಿನೈದು ನಿಮಿಷ ಹೋಗಿರಬಹುದು, ಹೆಚ್ಚೂ ಇರಬಹುದು. ಪೊಡಿಯಬ್ಬ ಬ್ಯಾರಿಗಳ ಟೆಂಪೋ ಚಿಪ್ಪು ಹೇರಿಕೊಂಡು ಅಂಗಳಕ್ಕೆ ಬಂತು. ಅವರು ಪ್ರಾಯದಲ್ಲಿ ಹತ್ತು ವರ್ಷ ಸೌದಿಯಲ್ಲಿ ಕಟ್ಟಡದ ಕೆಲಸದಲ್ಲಿದ್ದು ಬಂದವರು, ಮಾತು ಕಡಿಮೆ. ಇಳಿದವರು ಒಂದೇ ನೋಟ ನೋಡಿದರು. ನೇರ ನನ್ನ ಬಳಿ ಬಂದು ಕೈಯಿಂದ ಚೆಂಬು ಕಿತ್ತುಕೊಂಡರು. ಅಜ್ಜಿ ಅಡ್ಡ ಬಂದು, "ಬ್ಯಾರಿಗಳೇ, ಅದು ಸುಣ್ಣ, ನೀರು ಹಾಕ್ಬೇಡಿ," ಎಂದಳು.

"ಗೊತ್ತುಂಟು ಅಮ್ಮ," ಎಂದರು ಅವರು. "ಸಿಮೆಂಟಿಗೂ ಸುಣ್ಣಕ್ಕೂ ಒಂದೇ ಮದ್ದು. ಅಲ್ಲಿ ಬೋರ್ಡಿನಲ್ಲೇ ಬರೆದು ಹಾಕಿದ್ರು."

ಚೆಂಬು ಮುಗಿಯಿತು, ಹಂಡೆ ಮುಗಿಯಿತು, ಟೆಂಪೋದ ರೇಡಿಯೇಟರಿಗೆಂದು ಇಟ್ಟಿದ್ದ ಕ್ಯಾನೂ ಮುಗಿಯಿತು. ಅವಳನ್ನು ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು, ನಿಲ್ಲಿಸದೆ ಹೊಯ್ದರು. ಏನೂ ಬೇಯಲಿಲ್ಲ. ಉಗಿ ಏಳಲಿಲ್ಲ. ನಾನು ಕಣ್ಣು ಪಿಳುಕಿಸದೆ ನೋಡುತ್ತಿದ್ದೆ, ಈಗ ಕುದಿಯುತ್ತದೆ, ಈಗ ಕುದಿಯುತ್ತದೆ ಎಂದು. ಅಜ್ಜಿಯೂ ನೋಡುತ್ತಿದ್ದಳು. ಆಮೇಲೆ ಚಿಪ್ಪು ಇಳಿಸದೆಯೇ ಟೆಂಪೋ ತಿರುಗಿಸಿ, ಅಮ್ಮನನ್ನೂ ಚಿಕ್ಕಮ್ಮನನ್ನೂ ಕೂರಿಸಿಕೊಂಡು ಬಂಟ್ವಾಳಕ್ಕೆ, ಅಲ್ಲಿಂದ ಮಂಗಳೂರಿನ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಸಿಕ್ಕ ಸಿಕ್ಕ ನಲ್ಲಿಯಲ್ಲಿ ಕ್ಯಾನು ತುಂಬಿಸಿಕೊಂಡರಂತೆ. ಎಡಗಣ್ಣಿಗೆ ತಾಗಿದ್ದು ಕಡಿಮೆ, ಅದು ಉಳಿಯಿತು. ಬಲಗಣ್ಣು ಹೋಯಿತು. ಕೂಡಲೇ ತೊಳೆದಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ಅಮ್ಮ ಮನೆಯ ತನಕ ತರಲಿಲ್ಲ. ಮಂಚದ ಮೇಲಿದ್ದ ಚಿಕ್ಕಮ್ಮನೇ, ಅಮ್ಮನಿಗೆ ಹೇಳ್ಬೇಡ ಅಕ್ಕ ಎಂದು ಕೈ ಹಿಡಿದುಕೊಂಡಿದ್ದಳಂತೆ. ಈ ಸಂಗತಿ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಆ ವರ್ಷದ ಪರೀಕ್ಷೆ ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನೋಡಲು ಬಂದವರೆಲ್ಲ ಹೇಳಿ ಕಾಫಿ ಕುಡಿದು ಹೋದರು. ಬಂದವರಿಗೆಲ್ಲ ಅಜ್ಜಿ ಒಂದೇ ಕಥೆ ಹೇಳುತ್ತಿದ್ದಳು: ಎಣ್ಣೆ ಹಾಕದಿದ್ದರೆ ಎರಡೂ ಹೋಗುತ್ತಿತ್ತು, ಎಣ್ಣೆಯಿಂದ ಒಂದಾದರೂ ಉಳಿಯಿತು ಎಂದು. ಹೇಳಿ ಮುಗಿಸಿ ಚಿಕ್ಕಮ್ಮನ ಕಡೆ ನೋಡುತ್ತಿದ್ದಳು. ಹೌದು ಅಮ್ಮ ಎನ್ನುತ್ತಿದ್ದಳು ಚಿಕ್ಕಮ್ಮ. ಪ್ರತಿ ಸಲವೂ ಅಜ್ಜಿ ನೋಡುತ್ತಿದ್ದಳು, ಪ್ರತಿ ಸಲವೂ ಅವಳು ಹೌದು ಎನ್ನುತ್ತಿದ್ದಳು. ನನಗೆ ಅದು ಸಹಜವಾಗಿಯೇ ಕಂಡಿತ್ತು, ಯಾಕೆಂದರೆ ನಾನೂ ಹಾಗೆಯೇ ನಂಬಿದ್ದೆ.

ಮರುವರ್ಷ ಅವಳು ಪರೀಕ್ಷೆಗೆ ಕಟ್ಟಿದಳು. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲ ಎಂದು ಆಗ ನನಗೆ ಗೊತ್ತಾಯಿತು. ಕುಪ್ಪಿಯ ಬಾಯಿಗೆ ಹೊಯ್ದ ನೀರು ಪಕ್ಕಕ್ಕೆ ಬೀಳುತ್ತಿತ್ತು. ಲ್ಯಾಬಿನಲ್ಲಿ ಹನಿ ಹನಿಯಾಗಿ ಬಿಟ್ಟು ಬಣ್ಣ ಬದಲಾಗುವ ಗಳಿಗೆಗೆ ನಿಲ್ಲಿಸುವವಳಿಗೆ ಹನಿ ಎಲ್ಲಿ ಬೀಳುತ್ತದೆಂದೇ ಕಾಣದಿದ್ದರೆ ಹೇಗೆ? ದಿನಾ ಸಂಜೆ ನಾವಿಬ್ಬರೂ ಜಗಲಿಯಲ್ಲಿ ಕೂತು ಅಭ್ಯಾಸ ಮಾಡಿದೆವು. ಲೋಟದಲ್ಲಿ ಸುಣ್ಣದ ತಿಳಿ, ಅದಕ್ಕೆ ಚಿಟಿಕೆ ಅರಸಿನ. ಅದು ಓಕುಳಿಯ ಹಾಗೆ ಕೆಂಪಾಗುತ್ತಿತ್ತು. ಮೇಲಿಂದ ಇಂಕ್ ಫಿಲ್ಲರಿನಲ್ಲಿ ಲಿಂಬೆರಸ ಹನಿ ಹನಿ, ಕೆಂಪು ಹೋಗಿ ಹಳದಿ ಬಂದ ಹನಿಗೆ ನಿಲ್ಲಿಸಬೇಕು. ಮೊದಲ ತಿಂಗಳು ಅರ್ಧ ರಸ ಸೀರೆಯ ಮೇಲೆ. ಅವಳಿಗೆ ಮೂಗಿನ ತುದಿಯಲ್ಲೇ ಕೋಪ ಇರುತ್ತಿತ್ತು, ಫಿಲ್ಲರ್ ಅಂಗಳಕ್ಕೆ ಎಸೆಯುತ್ತಿದ್ದಳು, ನಾನು ಹೆಕ್ಕಿ ತರುತ್ತಿದ್ದೆ. ಆಮೇಲೆ ಲೋಟದ ಅಂಚಿಗೆ ಫಿಲ್ಲರಿನ ತುದಿ ತಾಗಿಸಿ ಬಿಡುವ ಉಪಾಯ ತಾನೇ ಕಂಡುಕೊಂಡಳು. ಅಜ್ಜಿ ದೂರದಲ್ಲಿ ಕೂತು ಲಿಂಬೆ ಹಿಂಡಿ ಕೊಡುತ್ತಿದ್ದಳು. ಚಿಕ್ಕಮ್ಮ ಪಾಸಾದಳು. ಮಿಜಾರಿನ ಕಡೆ ಒಂದು ಕಾಲೇಜಿನ ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿತು. ಮದುವೆಯ ಮಾತು ಎತ್ತಿದವರನ್ನು ತಮಾಷೆ ಮಾಡಿಯೇ ಕಳಿಸಿಬಿಟ್ಟಳು.

ಎರಡು ಸಾವಿರದ ಇಸವಿ ಬರುವ ಮೊದಲೇ ಭಟ್ಟಿ ನಿಂತಿತು. ಡಬ್ಬಿಯ ಪೇಂಟು ಬಂದ ಮೇಲೆ ಚಿಪ್ಪಿನ ಸುಣ್ಣ ಯಾರಿಗೆ ಬೇಕು? ಪೊಡಿಯಬ್ಬ ಬ್ಯಾರಿಗಳು ಟೆಂಪೋ ಮಾರಿ ಮಗನ ಅಂಗಡಿಯಲ್ಲಿ ಕೂತರು. ಖಾಲಿ ಡ್ರಮ್ಮುಗಳಿಗೆ ತುಕ್ಕು ಹಿಡಿಯಿತು. ಆದರೂ ಮೋಡ ಕಂಡಾಗ ಅಜ್ಜಿ ಏಳುವುದು ನಿಲ್ಲಲಿಲ್ಲ. ನಾನು ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಸೇರಿದೆ, ಚಿಕ್ಕಮ್ಮ ಓದಿದ್ದನ್ನೇ ಓದಿದೆ. ಎರಡನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಉಷ್ಣದ ಲೆಕ್ಕಗಳು ನಡೆಯುತ್ತಿದ್ದವು. ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಎಷ್ಟು ಉಷ್ಣ ಹೊರಬರುತ್ತದೆ ಎಂಬ ಸಂಖ್ಯೆ ಬೋರ್ಡಿನ ಮೇಲಿತ್ತು. ಮೇಷ್ಟ್ರು ಕೊಟ್ಟ ಲೆಕ್ಕ ಬೇರೆ, ನಾನು ಪುಸ್ತಕದ ಹಿಂದಿನ ಹಾಳೆಯಲ್ಲಿ ಮಾಡಿದ್ದು ಬೇರೆ. ಕಣ್ಣಿಗೆ ಬಿದ್ದ ಸುಣ್ಣ ಎಷ್ಟಿದ್ದೀತು? ಹೆಚ್ಚೆಂದರೆ ಒಂದು ಗ್ರಾಂ. ಚೆಂಬಿನಲ್ಲಿದ್ದ ನೀರು? ಆ ಚೆಂಬಿಗೆ ಒಂದೂಕಾಲು ಲೀಟರು ಹಿಡಿಯುತ್ತದೆ, ಅಡುಗೆಮನೆಯಲ್ಲಿ ಎಷ್ಟೋ ಸಲ ಅಳೆದಿದ್ದೇನೆ. ಹುಟ್ಟಿದ ಬಿಸಿ ನಾಶವಾಗುವುದಿಲ್ಲ ನಿಜ, ಆದರೆ ಅಷ್ಟು ನೀರಿನಲ್ಲಿ ಹಂಚಿಹೋದರೆ ನೀರಿನ ಬಿಸಿ ಎಷ್ಟು ಏರುತ್ತದೆ? ಭಾಗಿಸಿದೆ. ಕಾಲು ಡಿಗ್ರಿಯೂ ಇಲ್ಲ. ಪುನಃ ಮಾಡಿದೆ. ಮೂರು ಸಲ ಮಾಡಿದೆ. ಅಜ್ಜನ ಬೊಗಸೆಯ ನೀರು ಕಡಿಮೆಯಾದ ಕಾರಣ ಕುದಿದದ್ದು. ಚೆಂಬಿನ ನೀರು ಒಂದು ಕಣ್ಣಿಗೆ ಬೇಕಾದಷ್ಟಿತ್ತು.

ತರಗತಿಯ ನಡುವೆಯೇ ಎದ್ದುಬಂದೆ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಸಿಟ್ಟು ನನ್ನ ಮೇಲೋ ಅಜ್ಜಿಯ ಮೇಲೋ ಎಂದು ಆಗ ತಿಳಿಯಲಿಲ್ಲ, ಅಜ್ಜಿಯ ಮೇಲೆ ಎಂದು ತೀರ್ಮಾನ ಮಾಡಿಕೊಳ್ಳುವುದು ಸುಲಭವಾಗಿತ್ತು. ಹೋದವಳೇ ಆ ಹಾಳೆಯನ್ನು ಅವಳ ಮುಂದೆ ಹಿಡಿದು, ಎಣ್ಣೆಯ ಕಥೆ ಇನ್ನು ಸಾಕು ಎನ್ನಬೇಕೆಂದಿದ್ದೆ. ಅಜ್ಜಿ ಒಳಗೆ ಮಲಗಿದ್ದಳು. ಕೆಲಸದಿಂದ ಆಗಷ್ಟೇ ಬಂದ ಚಿಕ್ಕಮ್ಮ ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದಳು. ನನ್ನ ಮುಖ ನೋಡಿ ಹಾಳೆ ಕೇಳಿ ತೆಗೆದುಕೊಂಡಳು. ಎಡಗಣ್ಣಿನ ಹತ್ತಿರ ಹಿಡಿದು, ಮಕ್ಕಳ ಉತ್ತರಪತ್ರಿಕೆ ನೋಡುವ ಹಾಗೆ ಮೇಲಿಂದ ಕೆಳಗೆ ಓದಿದಳು.

"ಒಂದು ತಪ್ಪುಂಟು," ಎಂದಳು. "ನೀನು ಸುಟ್ಟ ಸುಣ್ಣ ಅಂತ ಹಿಡಿದಿದ್ದಿ. ನನಗೆ ಬಿದ್ದದ್ದು ಅರಳಿದ ಸುಣ್ಣ, ಹೆಚ್ಚಿನಂಶ. ಅದರ ಬಿಸಿ ತೊಟ್ಟಿಯಲ್ಲೇ ಹೋಗಿಯಾಗಿತ್ತು. ನೀನು ಬರೆದಷ್ಟು ಸಹ ಏರ್ತಿರ್ಲಿಲ್ಲ ಮಾರಾಯ್ತಿ. ಕಣ್ಣು ತೆಗೆದದ್ದು ಬಿಸಿ ಅಲ್ಲ, ಅದರ ಕ್ಷಾರ. ಅದು ಎಣ್ಣೆಗೆ ಹೋಗುವುದಿಲ್ಲ."

ಹಾಗಾದರೆ ಅವಳಿಗೆ ಎಲ್ಲ ಗೊತ್ತಿತ್ತು, ಆ ದಿನವೇ ಗೊತ್ತಿತ್ತು, ಅದಕ್ಕೇ ನೀರು ಕೇಳಿದ್ದು. ನನ್ನ ಕೈಯಲ್ಲಿ ಚೆಂಬಿತ್ತು, ತುಂಬಿದ ಚೆಂಬು, ಕೊಡಲಿಲ್ಲ ಎಂದು ನಾನು ಹೇಳಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ಗೊತ್ತುಂಟು," ಎಂದಳು. "ಎರಡು ಕಣ್ಣಲ್ಲಿ ನಾನು ಕಡೆಗೆ ನೋಡಿದ್ದು ನಿನ್ನನ್ನೇ ಅಲ್ವಾ."

ನಾನು ಅಳುವುದನ್ನು ಅವಳು ಸ್ವಲ್ಪ ಹೊತ್ತು ಬಿಟ್ಟಳು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಬ್ಯಾಗಿಗೆ ಹಾಕಿಕೊಂಡಳು. "ನಿಂಗೆ ಒಂಬತ್ತು ವರ್ಷ. ಅಮ್ಮನಿಗೆ ಗಂಡನ ಕೈ ಬೆಂದದ್ದು ಮಾತ್ರ ಗೊತ್ತು. ಈಗ ಈ ಲೆಕ್ಕ ಅಮ್ಮನಿಗೆ ಹೇಳಿದ್ರೆ ನಂಗೆ ಕಣ್ಣು ಬರ್ತದಾ? ಇಲ್ಲ ಅಲ್ವಾ. ಮತ್ತೆ ಹೇಳುವುದು ಬೇಡ." ನನಗೆ ಆ ಉತ್ತರ ಸಮಾಧಾನ ಕೊಡಲಿಲ್ಲ. ಅವಳು ಇಷ್ಟು ವರ್ಷ ಹೌದು ಅಮ್ಮ ಎಂದದ್ದು ಪ್ರೀತಿಯೋ ಮೊಂಡುತನವೋ ಎಂದು ಯೋಚಿಸುತ್ತಾ ಒಳಗೂ ಹೊರಗೂ ಓಡಾಡಿದೆ.

ಅಜ್ಜಿ ಹಾಸಿಗೆ ಹಿಡಿದದ್ದು ಅದರ ಮುಂದಿನ ವರ್ಷ. ಮೈಯಲ್ಲಿ ಏನೂ ಉಳಿದಿರಲಿಲ್ಲ, ಮಾತು ಮಾತ್ರ ಸ್ಪಷ್ಟ. ಒಂದು ಬೆಳಗ್ಗೆ ನಾನು ಗಂಜಿ ಕುಡಿಸುತ್ತಿದ್ದೆ. ಚಿಕ್ಕಮ್ಮ ಕೆಲಸಕ್ಕೆ ಹೊರಡುವ ತಯಾರಿಯಲ್ಲಿ ಕೋಣೆಯ ಬಾಗಿಲಲ್ಲಿ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು, ಮಲಗಿದಲ್ಲಿಂದ ಅಜ್ಜಿಗೆ ಅವಳು ಕಾಣುತ್ತಿರಲಿಲ್ಲ. ಎರಡು ಚಮಚ ಕುಡಿದು ಅಜ್ಜಿ ನನ್ನ ಕೈ ಹಿಡಿದು ತಡೆದಳು.

"ಅವಳನ್ನು ಕೇಳಿದ್ರೆ ಅವಳು ಸತ್ಯ ಹೇಳುವುದಿಲ್ಲ," ಎಂದಳು. "ನೀನೂ ಅದನ್ನೇ ಕಲಿತವಳು. ನೀನು ಹೇಳು. ಆವತ್ತು ನೀರು ಹಾಕ್ಬೇಕಿತ್ತಾ?"

ಹನ್ನೆರಡು ವರ್ಷ ಅವಳು ಈ ಪ್ರಶ್ನೆಯನ್ನು ಇಟ್ಟುಕೊಂಡು ಓಡಾಡಿದ್ದಳು. ಪೊಡಿಯಬ್ಬ ಬ್ಯಾರಿಗಳು ನೀರು ಹೊಯ್ದಾಗ ಏನೂ ಕುದಿಯದ್ದನ್ನು ಅವಳೂ ನೋಡಿದ್ದಳಲ್ಲ. ಬಂದವರಿಗೆಲ್ಲ ಎಣ್ಣೆಯ ಕಥೆ ಹೇಳಿ ಮಗಳ ಮುಖ ನೋಡುತ್ತಿದ್ದದ್ದು ಯಾಕೆಂದು ಆಗ ನನಗೆ ಅರ್ಥವಾಯಿತು. ಬಾಗಿಲಲ್ಲಿ ಚಿಕ್ಕಮ್ಮನ ಕೈ ಜಡೆಯಲ್ಲೇ ನಿಂತಿತ್ತು. ಅವಳು ತಲೆಯಾಡಿಸಲಿಲ್ಲ, ಸನ್ನೆ ಮಾಡಲಿಲ್ಲ. ನನ್ನನ್ನು ನೋಡುತ್ತಾ ನಿಂತಿದ್ದಳು ಅಷ್ಟೇ.

"ಇಲ್ಲ ಅಜ್ಜಿ," ಎಂದೆ. "ಮೊದಲೇ ನೀರು ಹಾಕಿದ್ರೆ ಎರಡೂ ಹೋಗ್ತಿತ್ತು."

ಅಜ್ಜಿ ಬಹಳ ಹೊತ್ತು ನನ್ನ ಮುಖ ನೋಡಿದಳು. ಚಿಪ್ಪನ್ನು ಕಿವಿಗೆ ಹಿಡಿದು ಬೆಂದದ್ದು ಯಾವುದು ಬೇಯದ್ದು ಯಾವುದು ಎಂದು ತಿಳಿಯುತ್ತಿದ್ದವಳು ಅವಳು. ನನ್ನ ಮಾತು ಅವಳಿಗೆ ಹೇಗೆ ಕೇಳಿತೋ ನನಗೆ ಗೊತ್ತಿಲ್ಲ. ಆಗಲಿ ಎಂದಳು. ಗಂಜಿ ಕೊಡು ಎಂದಳು. ಅವಳು ಪೂರ್ತಿ ಬಟ್ಟಲು ಕುಡಿದಳು, ಆ ವಾರದಲ್ಲಿ ಮೊದಲ ಸಲ. ಚಿಕ್ಕಮ್ಮ ಒಳಗೆ ಬಂದು ಒದ್ದೆ ಬಟ್ಟೆಯಿಂದ ಅವಳ ಬಾಯಿ ಒರೆಸಿದಳು. ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು.

ಅಜ್ಜಿ ಹೋದಳು. ನಾಲ್ಕು ವರ್ಷದ ನಂತರ, ನಲವತ್ತೂ ತುಂಬದ ಚಿಕ್ಕಮ್ಮ ಜ್ವರ ಬಂದು ಎಂಟೇ ದಿನದಲ್ಲಿ ಹೋದಳು. ರಸ್ತೆ ಅಗಲ ಮಾಡುವವರು ಬಂದಾಗ ಮನೆಯಲ್ಲಿ ಸಾಮಾನು ತೆಗೆಯಲು ಇದ್ದದ್ದು ಅಮ್ಮ ಮತ್ತು ನಾನು. ಆ ಸುಳ್ಳಿನಿಂದ ಇನ್ನು ಯಾರನ್ನೂ ಕಾಪಾಡಬೇಕಾಗಿಲ್ಲ, ಆದ್ದರಿಂದ ಇಲ್ಲಿ ಬರೆದುಬಿಟ್ಟೆ. ಅಜ್ಜಿಗೆ ಅದನ್ನು ಹೇಳಿದ್ದಕ್ಕೆ ನನಗೆ ಯಾವತ್ತೂ ಪಶ್ಚಾತ್ತಾಪ ಆಗಿಲ್ಲ. ಮೂರು ಹೆಜ್ಜೆ ಮುಂದೆ ಹೋಗದೆ ನಿಂತದ್ದಕ್ಕೆ ದಿನಾ ಆಗುತ್ತದೆ.